ಕೊಡಗಿನ ಮನೆಗೆ ಯಾವ ಹತ್ಯಾರು ಬೇಕು, ಯಾವುದು ಬೇಡ

ಮನೆಯ ಸಣ್ಣಪುಟ್ಟ ದುರಸ್ತಿಗಳನ್ನು ಸ್ವತಃ ಮಾಡಿಕೊಳ್ಳಬೇಕೆಂದರೆ ಯಾವ ಸಲಕರಣೆಗಳನ್ನು ಕೊಳ್ಳಬೇಕು ಎಂದು ಓದುಗರು ಪದೇ ಪದೇ ಕೇಳುತ್ತಿದ್ದಾರೆ. ಡ್ರಿಲ್ ಸಹಿತ ನೂರಾರು ಬಿಡಿಭಾಗಗಳ ಪೆಟ್ಟಿಗೆಯೊಂದು ರಿಯಾಯಿತಿಯಲ್ಲಿ ಸಿಗುತ್ತಿದೆ, ತೆಗೆದುಕೊಳ್ಳಬಹುದೇ ಎನ್ನುವುದು ಅದರ ಜೊತೆಗೇ ಬರುವ ಇನ್ನೊಂದು ಪ್ರಶ್ನೆ. ಪ್ರಶ್ನೆ ಸಹಜವಾದದ್ದೇ. ತೋಟದ ನಡುವಿನ ಮನೆಗೆ ಒಂದು ನಲ್ಲಿ ಬದಲಿಸಲು ಪ್ಲಂಬರನ್ನು ಕರೆಸುವುದೆಂದರೆ ಅರ್ಧ ದಿನದ ಮಾತು, ಕಾಫಿ ಕೊಯ್ಲಿನ ತಿಂಗಳುಗಳಲ್ಲಂತೂ ಯಾರೂ ಬಿಡುವಾಗಿರುವುದಿಲ್ಲ.

ಪೆಟ್ಟಿಗೆಯ ವಿಷಯಕ್ಕೆ ನನ್ನ ಉತ್ತರ ಸ್ಪಷ್ಟ: ಬೇಡ. ಅಂಥ ಪೆಟ್ಟಿಗೆಯಲ್ಲಿ ನೀವು ನಿಜಕ್ಕೂ ಬಳಸುವ ವಸ್ತುಗಳು ಕೆಲವೇ ಇರುತ್ತವೆ, ಮತ್ತು ಆ ಕೆಲವೇ ವಸ್ತುಗಳು ಮೆತ್ತನೆಯ ಉಕ್ಕಿನಲ್ಲಿ ಮಾಡಿದವಾಗಿರುವುದರಿಂದ ಮೊದಲ ಗಟ್ಟಿ ಸ್ಕ್ರೂವಿಗೇ ತುದಿ ಸವೆದುಹೋಗುತ್ತವೆ. ಅದೇ ಹಣಕ್ಕೆ ಕಡಿಮೆ ಸಂಖ್ಯೆಯ, ಆದರೆ ಒಳ್ಳೆಯ ಹತ್ಯಾರುಗಳನ್ನು, ಕೆಲಸ ಎದುರಾದ ಕ್ರಮದಲ್ಲಿ ಒಂದೊಂದಾಗಿ ಕೊಳ್ಳುವುದು ಸರಿಯಾದ ದಾರಿ. ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಕಾಪಾಡಿಕೊಳ್ಳಲಾಗದಷ್ಟು ಹತ್ಯಾರು ಮನೆಯಲ್ಲಿದ್ದರೆ ಅವು ಬಳಕೆಯಿಂದಲ್ಲ, ತುಕ್ಕಿನಿಂದ ಹಾಳಾಗುತ್ತವೆ. ಹಾಗಾಗಿ ಈ ಲೇಖನದಲ್ಲಿ ಕೊಳ್ಳುವುದಕ್ಕೆ ಕೊಟ್ಟಷ್ಟೇ ಜಾಗವನ್ನು ಕಾಪಾಡುವುದಕ್ಕೂ ಕೊಟ್ಟಿದ್ದೇನೆ.

ಹಂತ 1: ಮೊದಲು ಮನೆಯನ್ನು ಒಂದು ಸುತ್ತು ನೋಡಿ

ಕಾಗದ, ಪೆನ್ನು ಹಿಡಿದು ಮನೆಯ ಒಳಹೊರಗೆ ಒಮ್ಮೆ ನಡೆದು ಬನ್ನಿ. ಕಳೆದ ಒಂದು ವರ್ಷದಲ್ಲಿ ಯಾರನ್ನಾದರೂ ಕರೆಸಿ ಮಾಡಿಸಿದ ಸಣ್ಣ ಕೆಲಸಗಳನ್ನೂ, ಯಾರೂ ಸಿಗದೆ ಹಾಗೆಯೇ ಬಿಟ್ಟಿರುವ ಕೆಲಸಗಳನ್ನೂ ಬರೆದುಕೊಳ್ಳಿ. ಸಡಿಲವಾದ ಬಿಜಾಗರಿ, ಕೂರದ ಚಿಲಕ, ತೊಟ್ಟಿಕ್ಕುವ ನಲ್ಲಿ, ಬಟ್ಟೆ ಒಣಗಿಸುವ ತಂತಿಗೆ ಕೊಕ್ಕೆ, ಪರದೆಯ ಸರಳು, ಗೋಡೆಯ ಕಪಾಟು, ಹೆಂಚಿನ ಕೆಳಗೆ ಕೊಳೆತ ರೀಪು, ಕೊಟ್ಟಿಗೆಯ ಬಾಗಿಲು: ಹೆಚ್ಚಿನ ಮನೆಗಳಲ್ಲಿ ಪಟ್ಟಿ ಇದರ ಆಸುಪಾಸಿನಲ್ಲೇ ಇರುತ್ತದೆ. ಪಟ್ಟಿಯಲ್ಲಿ ಒಂದೇ ಒಂದು ಬಾರಿ ಬರುವ ಕೆಲಸಕ್ಕೆ ಹತ್ಯಾರು ಕೊಳ್ಳಬೇಡಿ, ನೆರೆಯವರಿಂದ ಕೇಳಿ ತನ್ನಿ. ಎರಡು ಮೂರು ಬಾರಿ ಬಂದದ್ದಕ್ಕೆ ಮಾತ್ರ ಕೊಳ್ಳಿ.

ಇದರ ಜೊತೆಗೆ ಗೋಡೆ ಯಾವುದರದ್ದು ಎಂಬುದನ್ನೂ ಈಗಲೇ ತಿಳಿದುಕೊಳ್ಳಿ, ಏಕೆಂದರೆ ಯಾವ ಡ್ರಿಲ್ ಬೇಕೆಂಬುದನ್ನು ಅದೇ ನಿರ್ಧರಿಸುತ್ತದೆ. ಬೀರುವಿನ ಹಿಂದೆ, ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ತೆಳು ಮೊಳೆಯನ್ನು ಗಾರೆಯನ್ನು ದಾಟುವಷ್ಟು ಹೊಡೆದು ತೆಗೆದರೆ ಉದುರುವ ಪುಡಿಯೇ ಉತ್ತರ ಹೇಳುತ್ತದೆ. ಪುಡಿ ಕೆಂಪಾಗಿದ್ದರೆ ಸುಟ್ಟ ಇಟ್ಟಿಗೆ ಅಥವಾ ಮುರಕಲ್ಲು, ಬೂದು ಬಣ್ಣವಾದರೆ ಸಿಮೆಂಟ್ ಬ್ಲಾಕ್, ಮೊಳೆ ಸರಾಗವಾಗಿ ಇಳಿದು ಕಂದು ಮಣ್ಣು ಉದುರಿದರೆ ಹಳೆಯ ಮಣ್ಣಿನ ಗೋಡೆ. ಹಳೆಯ ಮನೆಗೆ ಹೊಸ ಕೋಣೆಗಳನ್ನು ಸೇರಿಸಿ ಕಟ್ಟಿರುವ ಕಡೆ ಒಂದೇ ಸೂರಿನಡಿ ಎರಡು ಮೂರು ಬಗೆಯ ಗೋಡೆಗಳಿರುತ್ತವೆ, ಆದ್ದರಿಂದ ಒಂದು ಕೋಣೆಯನ್ನು ನೋಡಿ ಇಡೀ ಮನೆಯನ್ನು ಅಂದಾಜು ಮಾಡಬೇಡಿ.

ಹಂತ 2: ಕೈ ಹತ್ಯಾರುಗಳಿಂದ ಆರಂಭಿಸಿ

ವಿದ್ಯುತ್ ಬೇಡದ ಹತ್ಯಾರುಗಳನ್ನು ಮೊದಲು ಕೊಳ್ಳಿ ಎನ್ನುವುದಕ್ಕೆ ಹಣವಷ್ಟೇ ಕಾರಣವಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದ ಹೊತ್ತಿನಲ್ಲೇ ನಲ್ಲಿ ಕಿತ್ತುಬರುತ್ತದೆ, ಚಿಲಕ ಕಳಚುತ್ತದೆ.

ಸುತ್ತಿಗೆಯಲ್ಲಿ ಒಂದು ಬದಿ ಹೊಡೆಯಲು, ಇನ್ನೊಂದು ಬದಿ ಮೊಳೆ ಕೀಳಲು ಬರುವ, ಸುಮಾರು 450ರಿಂದ 500 ಗ್ರಾಂ ತೂಕದ್ದು ಮನೆಗೆ ಸಾಕು. ಸ್ಕ್ರೂಡ್ರೈವರ್‌ಗಳನ್ನು ಗೊಂಚಲಾಗಿ ಕೊಳ್ಳದೆ ಮೂರನ್ನು ಕೊಳ್ಳಿ: ಸ್ಟಾರ್ ತುದಿಯ 2ನೇ ಸಂಖ್ಯೆಯದ್ದು, ಅದರ ಚಿಕ್ಕ ತಮ್ಮನಾದ 1ನೇ ಸಂಖ್ಯೆಯದ್ದು, ಮತ್ತು 6 ಮಿಲಿಮೀಟರ್ ಅಗಲದ ಚಪ್ಪಟೆ ತುದಿಯದ್ದು. ಬಿಜಾಗರಿ, ಸ್ವಿಚ್‌ಬೋರ್ಡ್, ಚಿಲಕಗಳ ಸ್ಕ್ರೂಗಳಲ್ಲಿ ಬಹುಪಾಲಿಗೆ 2ನೇ ಸಂಖ್ಯೆಯ ಸ್ಟಾರ್ ಕೂರುತ್ತದೆ. ಈ ಒಂದು ಸ್ಕ್ರೂಡ್ರೈವರ್‌ಗೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ, ಏಕೆಂದರೆ ತುದಿ ಸವೆದ ಸ್ಕ್ರೂಡ್ರೈವರ್ ತಾನು ಹಾಳಾಗುವುದಲ್ಲದೆ ಸ್ಕ್ರೂವಿನ ತಲೆಯನ್ನೂ ಕೆಡಿಸುತ್ತದೆ, ಆಮೇಲೆ ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯುತ್ತದೆ.

ಎಂಟು ಇಂಚಿನ ಕಟಿಂಗ್ ಪ್ಲೇಯರ್, ಹತ್ತು ಇಂಚಿನ ಅಡ್ಜಸ್ಟೆಬಲ್ ಸ್ಪ್ಯಾನರ್, ನೀರಿನ ಪೈಪಿನ ಕೆಲಸವಿದ್ದರೆ ಹದಿನಾಲ್ಕು ಇಂಚಿನ ಪೈಪ್ ರೆಂಚ್, ಐದು ಮೀಟರಿನ ಟೇಪು, ಒಂದು ಅಡಿಯ ರಸಮಟ್ಟ, ಒಂದು ಮೂಲೆಮಟ್ಟ, 12 ಮತ್ತು 25 ಮಿಲಿಮೀಟರಿನ ಎರಡು ಉಳಿಗಳು, ಒಂದು ಅರ, ಒಂದು ಹ್ಯಾಕ್‌ಸಾ, ಮರಕ್ಕೊಂದು ಕೈ ಗರಗಸ: ಇಷ್ಟಿದ್ದರೆ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯುತ್ತದೆ. ಪ್ಲೇಯರ್‌ನ ಹಿಡಿಗೆ ಪ್ಲಾಸ್ಟಿಕ್ ಹೊದಿಕೆ ಇದೆಯೆಂದು ಕರೆಂಟ್ ಇರುವ ತಂತಿಯನ್ನು ಹಿಡಿಯಬೇಡಿ. ಹೊದಿಕೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಅದರಲ್ಲೂ ಕೈ ಒದ್ದೆಯಾಗಿದ್ದರೆ ಅಪಾಯ ಖಚಿತ.

ಹ್ಯಾಕ್‌ಸಾ ಬ್ಲೇಡಿನ ಬಗ್ಗೆ ಒಂದು ಮಾತು. ಬ್ಲೇಡಿನ ಮೇಲೆ 18, 24 ಎಂಬ ಸಂಖ್ಯೆಗಳಿರುತ್ತವೆ, ಅದು ಒಂದು ಇಂಚಿನಲ್ಲಿರುವ ಹಲ್ಲುಗಳ ಲೆಕ್ಕ. ತೆಳುವಾದ ಪೈಪು, ಪಟ್ಟಿಗಳಿಗೆ 24 ಹಲ್ಲಿನದ್ದು, ದಪ್ಪ ಕಬ್ಬಿಣಕ್ಕೆ 18ರದ್ದು. ಹಲ್ಲುಗಳು ನಿಮ್ಮಿಂದ ಮುಂದಕ್ಕೆ, ಅಂದರೆ ಹಿಡಿಯಿಂದ ಆಚೆಗೆ ಮುಖ ಮಾಡಿರುವಂತೆ ಬ್ಲೇಡನ್ನು ಕೂರಿಸಬೇಕು. ತಿರುಗುಮುರುಗಾಗಿ ಹಾಕಿ ಬ್ಲೇಡನ್ನೇ ದೂರುವವರು ಬಹಳ ಮಂದಿ.

ಕೀಸುಳಿಯನ್ನು, ಅಂದರೆ ತೋಪಡವನ್ನು, ಈ ಪಟ್ಟಿಗೆ ಸೇರಿಸುವ ಮುನ್ನ ಯೋಚಿಸಿ. ಜುಲೈನಲ್ಲಿ ಬಾಗಿಲು ದಾರಂದಕ್ಕೆ ಸಿಕ್ಕಿಕೊಳ್ಳಲು ಆರಂಭಿಸಿದೊಡನೆ ಅಂಚನ್ನು ಕೀಸಿಬಿಡಬೇಕೆಂದು ಎಲ್ಲರಿಗೂ ಅನ್ನಿಸುತ್ತದೆ. ಆದರೆ ಮರ ಉಬ್ಬಿರುವುದು ಗಾಳಿಯ ತೇವವನ್ನು ಕುಡಿದಿರುವುದರಿಂದ. ಮಳೆಗಾಲದಲ್ಲಿ ಸರಿಹೋಗುವಷ್ಟು ಕೀಸಿದರೆ ಜನವರಿ ಫೆಬ್ರವರಿಯ ಒಣ ಗಾಳಿಗೆ ಅದೇ ಬಾಗಿಲು ಕುಗ್ಗಿ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಮೊದಲು ಬಿಜಾಗರಿಯ ಸ್ಕ್ರೂಗಳನ್ನು ಬಿಗಿಮಾಡಿ, ಏಕೆಂದರೆ ಎಷ್ಟೋ ಬಾರಿ ಬಾಗಿಲು ಉಬ್ಬಿರುವುದಿಲ್ಲ, ಜಗ್ಗಿರುತ್ತದೆ. ಆಮೇಲೂ ತಾಗಿದರೆ ತಾಗುವ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿಟ್ಟು, ಕೀಸುವ ಕೆಲಸವನ್ನು ಮಳೆ ಮುಗಿದು ಮರ ಒಣಗಿದ ಮೇಲೆ ಅಲ್ಪಸ್ವಲ್ಪವಾಗಿ ಮಾಡಿ. ಕೀಸಿದ ಅಂಚಿಗೆ, ಬಾಗಿಲಿನ ತಲೆ ಮತ್ತು ಬುಡದ ಅಂಚುಗಳಿಗೂ ಸೇರಿಸಿ, ವಾರ್ನಿಷ್ ಅಥವಾ ಬಣ್ಣ ಹಚ್ಚದೆ ಬಿಡಬೇಡಿ. ಮರ ತೇವವನ್ನು ಎಲ್ಲಕ್ಕಿಂತ ಬೇಗ ಎಳೆದುಕೊಳ್ಳುವುದು ಅಡ್ಡ ಕೊಯ್ದ ತುದಿಗಳಿಂದ, ಮತ್ತು ಬಣ್ಣ ಹಚ್ಚುವವರು ಮರೆಯುವುದು ಆ ಅಂಚುಗಳನ್ನೇ.

ಹಂತ 3: ಮೊದಲ ವಿದ್ಯುತ್ ಹತ್ಯಾರು ಡ್ರಿಲ್ ಆಗಿರಲಿ

ಯಾವ ಮನೆಗಾದರೂ ಕೊಂಡ ಹಣ ಹುಟ್ಟುವ ವಿದ್ಯುತ್ ಹತ್ಯಾರು ಒಂದಿದ್ದರೆ ಅದು ಡ್ರಿಲ್. ಇದರಲ್ಲಿ ಮೂರು ಜಾತಿಗಳಿವೆ.

ಒಂದು, ವೈರಿನ ಇಂಪ್ಯಾಕ್ಟ್ ಡ್ರಿಲ್. ತಿರುಗುವುದರ ಜೊತೆಗೆ ಬಿಟ್ಟನ್ನು, ಅಂದರೆ ಕೊರೆಯುವ ಕಡ್ಡಿಯನ್ನು, ಸಣ್ಣ ಸಣ್ಣ ಪೆಟ್ಟುಗಳಿಂದ ಗೋಡೆಗೆ ತಳ್ಳುವ ವ್ಯವಸ್ಥೆ ಇದರಲ್ಲಿರುತ್ತದೆ. ಸುತ್ತಿಗೆಯ ಗುರುತಿನ ಕಡೆಗೆ ಗುಂಡಿಯನ್ನು ಸರಿಸಿದರೆ ಪೆಟ್ಟು, ಇಲ್ಲವಾದರೆ ಬರಿಯ ತಿರುಗು. 500ರಿಂದ 650 ವ್ಯಾಟಿನ, 10 ಅಥವಾ 13 ಮಿಲಿಮೀಟರ್ ಚಕ್ಕಿನ, ಒತ್ತಿದಷ್ಟೂ ವೇಗ ಹೆಚ್ಚುವ ಸ್ವಿಚ್ಚಿನ, ಎಡಕ್ಕೂ ಬಲಕ್ಕೂ ತಿರುಗುವ ಡ್ರಿಲ್ ಮನೆಗೆ ಸಾಕು. ಚಕ್ ಎಂದರೆ ಬಿಟ್ಟನ್ನು ಕಚ್ಚಿ ಹಿಡಿಯುವ ಬಾಯಿ, 13 ಮಿಲಿಮೀಟರ್ ಎಂದರೆ ಅಷ್ಟು ದಪ್ಪದ ಕಡ್ಡಿಯವರೆಗೆ ಹಿಡಿಯುತ್ತದೆ ಎಂದರ್ಥ. ಒತ್ತಡಕ್ಕೆ ತಕ್ಕಂತೆ ವೇಗ ಬದಲಾಗದ ಡ್ರಿಲ್ಲನ್ನು ಎಷ್ಟು ಅಗ್ಗವಾದರೂ ಕೊಳ್ಳಬೇಡಿ. ನುಣುಪಾದ ಟೈಲ್ಸಿನ ಮೇಲೆ ನಿಧಾನವಾಗಿ ತೂತು ಆರಂಭಿಸಲು ಅದರಲ್ಲಿ ಸಾಧ್ಯವಾಗುವುದಿಲ್ಲ.

ಎರಡು, ಬ್ಯಾಟರಿ ಡ್ರಿಲ್. ಸ್ಕ್ರೂ ಬಿಗಿಯುವುದಕ್ಕೂ ಮರದ ಕೆಲಸಕ್ಕೂ ಇದು ಬಹಳ ಹಿತ, ಕರೆಂಟ್ ಇಲ್ಲದಾಗಲೂ ಕಾಫಿ ಕಣದ ಬಳಿಯ ಶೆಡ್ಡಿನಲ್ಲೂ ಕೆಲಸ ನಡೆಯುತ್ತದೆ. ಕಾಂಕ್ರೀಟಿಗೆ ಮಾತ್ರ ಇದನ್ನು ನೆಚ್ಚಬೇಡಿ. 12 ವೋಲ್ಟಿನದ್ದು ಹಗುರ, 18 ವೋಲ್ಟಿನದ್ದು ಬಲಶಾಲಿ. ಇಲ್ಲಿ ಎರಡು ಮೋಸಗಳಿವೆ. ಆಕರ್ಷಕ ಬೆಲೆಗೆ ತೋರಿಸುವ ಯಂತ್ರದ ಜೊತೆಗೆ ಹಲವು ಬಾರಿ ಬ್ಯಾಟರಿಯೂ ಇರುವುದಿಲ್ಲ, ಚಾರ್ಜರೂ ಇರುವುದಿಲ್ಲ, ಅವೆರಡನ್ನು ಸೇರಿಸಿದಾಗ ಬೆಲೆ ಬೇರೆಯೇ ಆಗುತ್ತದೆ. ಹಾಗೆಯೇ ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಯಂತ್ರಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲವಾದ್ದರಿಂದ, ಮೊದಲ ಬ್ಯಾಟರಿ ಡ್ರಿಲ್ ಕೊಳ್ಳುವಾಗ ನೀವು ಮುಂದಿನ ಹತ್ಯಾರುಗಳ ಕಂಪನಿಯನ್ನೂ ಆರಿಸುತ್ತಿರುತ್ತೀರಿ.

ಮೂರು, ರೋಟರಿ ಹ್ಯಾಮರ್. ಇದು ಆರ್‌ಸಿಸಿ, ಅಂದರೆ ಸರಳು ಹಾಕಿದ ಕಾಂಕ್ರೀಟಿನ ಲಿಂಟಲ್, ಸ್ಲ್ಯಾಬುಗಳನ್ನು ಸಲೀಸಾಗಿ ಕೊರೆಯುವ ಭಾರೀ ಯಂತ್ರ. ಇದರ ಬಿಟ್ಟುಗಳ ಬುಡವೇ ಬೇರೆ, ಸಾಮಾನ್ಯ ಡ್ರಿಲ್ಲಿಗೆ ಕೂರುವುದಿಲ್ಲ. ಮನೆಗೆ ಇದು ಬೇಡ. ಒಂದೆರಡು ದಿನದ ಕೆಲಸವಿದ್ದರೆ ಬಾಡಿಗೆಗೆ ಅಥವಾ ಎಲೆಕ್ಟ್ರಿಷಿಯನ್‌ರಿಂದ ಕೇಳಿ ತನ್ನಿ.

ಹಾಗಾದರೆ ಮೊದಲು ಯಾವುದು? ಸಿಮೆಂಟ್ ಬ್ಲಾಕ್ ಅಥವಾ ಇಟ್ಟಿಗೆಯ ಮನೆಯಾದರೆ ವೈರಿನ ಇಂಪ್ಯಾಕ್ಟ್ ಡ್ರಿಲ್. ಮಣ್ಣಿನ ಗೋಡೆ, ಮರದ ಕಂಬ, ಮರದ ಅಟ್ಟಗಳ ಹಳೆಯ ಮನೆಯಾದರೆ ಬ್ಯಾಟರಿ ಡ್ರಿಲ್ಲೇ ಮೇಲು, ಅಲ್ಲಿ ಪೆಟ್ಟು ಕೊಡುವ ಯಂತ್ರ ಒಳ್ಳೆಯದಕ್ಕಿಂತ ಹೆಚ್ಚಾಗಿ ಹಾನಿಯನ್ನೇ ಮಾಡುತ್ತದೆ.

ಹಂತ 4: ಗೋಡೆಗೆ ತೂತು ಕೊರೆಯುವ ಕ್ರಮ

ಬಿಟ್ಟುಗಳಲ್ಲಿ ಗೋಡೆಯದ್ದು ಬೇರೆ, ಮರದ್ದು ಬೇರೆ, ಕಬ್ಬಿಣದ್ದು ಬೇರೆ. ಗೋಡೆಯ ಬಿಟ್ಟಿನ ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಚಿಕ್ಕ ತುಂಡನ್ನು ಬೆಸೆದಿರುತ್ತಾರೆ, ನೋಡಿದರೆ ಬಾಣದ ತಲೆಯಂತೆ ಅಗಲವಾಗಿ ಕಾಣುತ್ತದೆ. ಮರದ ಬಿಟ್ಟಿಗೆ ನಡುವೆ ಒಂದು ಚೂಪು ಮುಳ್ಳಿರುತ್ತದೆ. 6 ಮತ್ತು 8 ಮಿಲಿಮೀಟರಿನ ಗೋಡೆಯ ಬಿಟ್ಟುಗಳನ್ನು ಒಳ್ಳೆಯ ಗುಣಮಟ್ಟದಲ್ಲಿ ಎರಡೆರಡು, ಮರಕ್ಕೆ 3ರಿಂದ 8ರವರೆಗೆ ಒಂದು ಸೆಟ್ ಕೊಂಡರೆ ಸಾಕು.

ಮೊದಲು ಜಾಗವನ್ನು ಪರೀಕ್ಷಿಸಿ. ಗೋಡೆಯೊಳಗೆ ವೈರಿಂಗ್ ಮಾಡಿರುವ ಮನೆಗಳಲ್ಲಿ ಪೈಪುಗಳು ಸ್ವಿಚ್‌ಬೋರ್ಡಿನಿಂದ ನೇರ ಮೇಲಕ್ಕೋ ಕೆಳಕ್ಕೋ ಹೋಗಿರುತ್ತವೆ, ನೀರಿನ ಪೈಪು ನಲ್ಲಿಯ ನೇರಕ್ಕೆ ಇರುತ್ತದೆ. ಆ ಗೆರೆಗಳಲ್ಲಿ ಎಂದಿಗೂ ಕೊರೆಯಬೇಡಿ. ಅನುಮಾನವಿದ್ದರೆ ಆ ಕೋಣೆಯ ಎಂಸಿಬಿಯನ್ನು, ಅಂದರೆ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್ಚನ್ನು, ಇಳಿಸಿ, ಬೇರೆ ಕೋಣೆಯಿಂದ ಕರೆಂಟ್ ತೆಗೆದುಕೊಂಡು ಕೆಲಸ ಮಾಡಿ.

ಗುರುತಿನ ಮೇಲೆ ಮೊಳೆಯಿಂದ ಒಂದು ಚಿಕ್ಕ ಗುಳಿ ಮಾಡಿದರೆ ಬಿಟ್ಟು ಜಾರುವುದಿಲ್ಲ. ಎಷ್ಟು ಆಳ ಬೇಕೋ ಅಷ್ಟಕ್ಕೆ ಬಿಟ್ಟಿನ ಮೇಲೆ ಇನ್ಸುಲೇಶನ್ ಟೇಪು ಸುತ್ತಿ, ಆಳ ಪ್ಲಗ್ಗಿನ ಉದ್ದಕ್ಕಿಂತ ಅರ್ಧ ಸೆಂಟಿಮೀಟರ್ ಹೆಚ್ಚಿರಲಿ. ಪ್ಲಗ್ ಎಂದರೆ ತೂತಿನೊಳಗೆ ಕೂರಿಸುವ ಪ್ಲಾಸ್ಟಿಕ್ ಗೂಟ, ಸ್ಕ್ರೂ ಒಳಹೋದಂತೆ ಅದು ಹಿಗ್ಗಿ ಗೋಡೆಯನ್ನು ಕಚ್ಚುತ್ತದೆ. 8 ಮಿಲಿಮೀಟರಿನ ಪ್ಲಗ್ಗಿಗೆ 8 ಮಿಲಿಮೀಟರಿನದ್ದೇ ಬಿಟ್ಟು. ಗಾರೆಯನ್ನು ದಾಟುವವರೆಗೆ ಪೆಟ್ಟಿಲ್ಲದೆ ನಿಧಾನವಾಗಿ, ಆಮೇಲೆ ಪೆಟ್ಟಿನೊಂದಿಗೆ ಕೊರೆಯಿರಿ. ಟೈಲ್ಸ್ ಇದ್ದರೆ ಟೈಲ್ಸ್ ಮುಗಿಯುವವರೆಗೂ ಪೆಟ್ಟು ಕೂಡದು. ಡ್ರಿಲ್ಲಿನ ಮೇಲೆ ಮೈಭಾರ ಹಾಕಬೇಡಿ. ಮುಂದೆ ಹೋಗದಿದ್ದರೆ ಬಿಟ್ಟು ಮೊಂಡಾಗಿದೆ ಅಥವಾ ಒಳಗೆ ಸರಳು ಸಿಕ್ಕಿದೆ ಎಂದು ತಿಳಿದು, ಒಂದೆರಡು ಇಂಚು ಪಕ್ಕಕ್ಕೆ ಸರಿಯಿರಿ. ತೂತಿನೊಳಗಿನ ಪುಡಿಯನ್ನು ಪೂರ್ತಿ ತೆಗೆಯದೆ ಪ್ಲಗ್ ಹಾಕಿದರೆ ಅದು ಸಡಿಲವಾಗಿಯೇ ಉಳಿಯುತ್ತದೆ. ಬಾಯಿಂದ ಊದಬೇಡಿ, ಪುಡಿ ಕಣ್ಣಿಗೆ ಬೀಳುತ್ತದೆ. ಹಳೆಯ ಟೂತ್‌ಬ್ರಷ್ಷೋ ಸೈಕಲ್ ಪಂಪೋ ಸಾಕು. ಕಣ್ಣಿಗೆ ಕನ್ನಡಕ, ಮೂಗಿಗೆ ಎನ್95 ಮಾಸ್ಕ್ ಇರಲಿ, ಏಕೆಂದರೆ ಸಿಮೆಂಟಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆದರೆ ತಿರುಗುವ ಯಂತ್ರದ ಬಳಿ ಬಟ್ಟೆಯ ಕೈಗವಸು ಹಾಕಬೇಡಿ. ಅದರ ನೂಲು ಬಿಟ್ಟಿಗೆ ಸುತ್ತಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ.

ಮಣ್ಣಿನ ಗೋಡೆಯಲ್ಲಿ ಈ ಕ್ರಮ ನಡೆಯುವುದಿಲ್ಲ. ಪ್ಲಾಸ್ಟಿಕ್ ಪ್ಲಗ್ ಹಿಗ್ಗಿದಂತೆ ಸುತ್ತಲ ಮಣ್ಣು ಪುಡಿಯಾಗಿ ಎಲ್ಲವೂ ಕಳಚಿ ಬರುತ್ತದೆ. ಅಲ್ಲಿ ಪೆಟ್ಟಿಲ್ಲದೆ ಕೊರೆದು, ನಾಲ್ಕೈದು ಇಂಚು ಉದ್ದದ ಗಟ್ಟಿ ಮರದ ಗೂಟವನ್ನು ಬಿಗಿಯಾಗಿ ಬಡಿದು ಕೂರಿಸಿ, ಆ ಗೂಟಕ್ಕೆ ಸ್ಕ್ರೂ ಹಾಕುವ ಹಳೆಯ ಪದ್ಧತಿಯೇ ಈಗಲೂ ಸರಿ. ಗೂಟದ ಮರ ಚೆನ್ನಾಗಿ ಒಣಗಿರಬೇಕು. ಹಸಿ ಮರದ ಗೂಟ ಬೇಸಿಗೆಯಲ್ಲಿ ಕುಗ್ಗಿ ಸಡಿಲವಾಗುತ್ತದೆ. ನೀರು ತುಂಬಿದ ಗೀಸರ್, ಪಾತ್ರೆ ತುಂಬಿದ ಕಪಾಟುಗಳಂಥ ಭಾರವನ್ನು ಮಣ್ಣಿನ ಗೋಡೆಗೆ ಯಾವ ಉಪಾಯದಿಂದಲೂ ತೂಗುಹಾಕಬೇಡಿ. ನೆಲದಿಂದಲೇ ನಿಲ್ಲುವ ಚೌಕಟ್ಟು ಮಾಡಿಸಿ.

ಮರಕ್ಕೆ ಸ್ಕ್ರೂ ಹಾಕುವಾಗ ಸಿಲ್ವರ್ ಓಕ್ ಹಲಗೆ ನೇರವಾಗಿಯೇ ಸ್ಕ್ರೂ ತೆಗೆದುಕೊಳ್ಳಬಹುದು, ಆದರೂ ತುದಿಯ ಹತ್ತಿರ ಸೀಳುತ್ತದೆ. ತೇಗ, ಬೀಟೆ, ಹಳೆಯ ಹಲಸಿನಂಥ ಗಟ್ಟಿ ಮರಗಳಿಗೆ ಸ್ಕ್ರೂವಿನ ನಡುದಿಂಡಿನಷ್ಟು ದಪ್ಪದ ತೂತನ್ನು ಮೊದಲೇ ಕೊರೆಯದೆ ಹೋದರೆ ಮರ ಸೀಳುತ್ತದೆ ಅಥವಾ ಸ್ಕ್ರೂವಿನ ತಲೆ ತುಂಡಾಗಿ ಒಳಗೇ ಉಳಿಯುತ್ತದೆ. ಹಿತ್ತಾಳೆಯ ಸ್ಕ್ರೂ ಆದರೆ ಖಂಡಿತ ತುಂಡಾಗುತ್ತದೆ. ಎಳೆಗಳಿಗೆ ಸ್ವಲ್ಪ ಮೇಣ ಸವರಿ ಹಾಕಿ.

ಹಂತ 5: ಎರಡನೆಯದು ಗ್ರೈಂಡರೋ, ಜಿಗ್ ಸಾ ಯಂತ್ರವೋ?

ಹೆಚ್ಚಿನವರು ಡ್ರಿಲ್ ಕೊಂಡ ಮೇಲೆ ನೇರವಾಗಿ ಕಬ್ಬಿಣ ಕೊಯ್ಯುವ, ಉಜ್ಜುವ ನಾಲ್ಕು ಇಂಚಿನ ಆಂಗಲ್ ಗ್ರೈಂಡರ್ ಕಡೆಗೆ ಹೋಗುತ್ತಾರೆ. ಕಬ್ಬಿಣದ ಗೇಟು, ತಂತಿಬೇಲಿಯ ಕಂಬ, ತುಕ್ಕು ಹಿಡಿದ ಬೋಲ್ಟು ಇರುವ ತೋಟದ ಮನೆಗೆ ಅದು ಉಪಯುಕ್ತವೇ. ಆದರೆ ಮನೆಯಲ್ಲಿರುವ ಹತ್ಯಾರುಗಳಲ್ಲಿ ಅತ್ಯಂತ ಅಪಾಯಕಾರಿಯಾದದ್ದೂ ಅದೇ. ಅದರ ಡಿಸ್ಕು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಹಾಗಾಗಿ ಈ ನಾಲ್ಕು ಮಾತುಗಳಲ್ಲಿ ರಾಜಿ ಬೇಡ.

ಡಿಸ್ಕಿನ ಸುತ್ತಲಿನ ಕಾವಲು ತಗಡನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕಬೇಡಿ. ಅಂಗಡಿಗಳಲ್ಲಿ ಅದು ಸುಲಭವಾಗಿ ಸಿಗುತ್ತದೆ, ಹಾಕಿ ಕೊಯ್ಯುವವರನ್ನೂ ನೋಡುತ್ತೀರಿ, ಆದರೆ ಹಲ್ಲು ಮರದ ಗಂಟಿಗೆ ಕಚ್ಚಿಕೊಂಡ ಕ್ಷಣದಲ್ಲಿ ಇಡೀ ಯಂತ್ರ ನಿಮ್ಮ ಕಡೆಗೇ ಎಗರುತ್ತದೆ. ಕತ್ತರಿಸುವ ತೆಳು ಡಿಸ್ಕುಗಳನ್ನು ಅಂಟಿನಿಂದ ಕಟ್ಟಿರುತ್ತಾರೆ, ತೇವ ಆ ಅಂಟನ್ನು ದುರ್ಬಲಗೊಳಿಸುತ್ತದೆ. ನಡುವಿನ ಲೋಹದ ಬಳೆಯ ಮೇಲೆ ಬಳಕೆಯ ಕೊನೆಯ ದಿನಾಂಕವನ್ನು ಅಚ್ಚು ಹಾಕಿರುತ್ತಾರೆ, ಓದಿ. ಎರಡು ಮಳೆಗಾಲ ಶೆಡ್ಡಿನಲ್ಲಿ ಬಿದ್ದಿದ್ದ ಡಿಸ್ಕನ್ನು ಹಾಕಬೇಡಿ, ಎಸೆಯಿರಿ. ಕೊನೆಯದಾಗಿ, ಹಳೆಯ ಸಿಮೆಂಟ್ ಶೀಟಿನ ಮಾಡನ್ನು ಗ್ರೈಂಡರಿನಿಂದ ಕೊಯ್ಯಲೇಬೇಡಿ. ಅಂಥ ಶೀಟುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ, ಅದರ ಧೂಳನ್ನು ಉಸಿರಾಡಿದರೆ ವರ್ಷಗಳ ಬಳಿಕ ಕ್ಯಾನ್ಸರ್ ಸಹಿತ ಗಂಭೀರ ಕಾಯಿಲೆಗಳು ಬರಬಹುದು.

ನಿಮ್ಮ ಪಟ್ಟಿಯಲ್ಲಿ ಕಬ್ಬಿಣಕ್ಕಿಂತ ಹಲಗೆ, ಪ್ಲೈವುಡ್ ಕೆಲಸವೇ ಹೆಚ್ಚಿದ್ದರೆ ಜಿಗ್ ಸಾ ಕೊಳ್ಳಿ. ಮೇಲೆ ಕೆಳಗೆ ಆಡುವ ಚಿಕ್ಕ ಬ್ಲೇಡಿನ ಈ ಯಂತ್ರ ಹೊಸಬರ ಕೈಗೆ ಎಲ್ಲಕ್ಕಿಂತ ಸುರಕ್ಷಿತವಾದ ವಿದ್ಯುತ್ ಗರಗಸ. ಉಜ್ಜುವ ಯಂತ್ರ, ಮಾರ್ಬಲ್ ಕಟರ್, ವೆಲ್ಡಿಂಗ್ ಸೆಟ್ಟುಗಳು ಮನೆಗೆ ಬೇಡ. ಅಂಗಳದ ಪಾಚಿಗೆಂದು ಪ್ರೆಶರ್ ವಾಷರ್ ಕೇಳುವವರಿದ್ದಾರೆ: ಮೆಟ್ಟಿಲು, ಅಂಗಳಕ್ಕೆ ಅದು ನಿಜಕ್ಕೂ ಉಪಕಾರಿ, ಆದರೆ ಮಂಗಳೂರು ಹೆಂಚಿಗೆ ಹಿಡಿದರೆ ಹೆಂಚಿನ ಮೇಲ್ಮೈ ಕಿತ್ತು ನೀರು ಸಂದಿನೊಳಗೆ ನುಗ್ಗುತ್ತದೆ.

ಹಂತ 6: ಕರೆಂಟಿನ ವಿಷಯ

ಗ್ರೈಂಡರ್ ಚಾಲೂ ಇರುವಾಗ ಕರೆಂಟ್ ಹೋಯಿತೆನ್ನಿ. ಯಂತ್ರವನ್ನು ಕೆಳಗಿಟ್ಟು ನೀವು ಒಳಗೆ ಹೋಗುತ್ತೀರಿ. ಸರಿಸುವ ಸ್ವಿಚ್ಚು ಆನ್ ಸ್ಥಿತಿಯಲ್ಲೇ ಉಳಿದಿದ್ದರೆ ಕರೆಂಟ್ ಬಂದೊಡನೆ ಯಂತ್ರ ನೆಲದ ಮೇಲೆ ತಾನಾಗಿಯೇ ಓಡತೊಡಗುತ್ತದೆ. ಮಳೆಗಾಲದಲ್ಲಿ ಪದೇ ಪದೇ ಕರೆಂಟ್ ಹೋಗುವ ನಮ್ಮ ಜಿಲ್ಲೆಯಲ್ಲಿ ಇದು ದೂರದ ಸಾಧ್ಯತೆಯಲ್ಲ. ಕರೆಂಟ್ ಹೋದ ತಕ್ಷಣ ವೈರಿನ ಪ್ಲಗ್ಗನ್ನು ಸಾಕೆಟ್ಟಿನಿಂದ ಕೀಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ಕೊಳ್ಳುವಾಗ, ಕೈ ತೆಗೆದೊಡನೆ ನಿಲ್ಲುವ ಪಟ್ಟಿ ಸ್ವಿಚ್ಚಿನ ಮಾದರಿಯನ್ನು ಕೇಳಿ ಪಡೆಯಿರಿ.

ಮನೆಯ ಮುಖ್ಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ನೋಡಿ. ಕರೆಂಟ್ ಎಲ್ಲಾದರೂ ಸೋರಿ ಮೈಮೂಲಕ ನೆಲಕ್ಕೆ ಹರಿಯಲು ತೊಡಗಿದರೆ ಕ್ಷಣಾರ್ಧದಲ್ಲಿ ಲೈನ್ ಕಡಿಯುವ ಸಾಧನ ಅದು. ಎಂಸಿಬಿ ಆ ಕೆಲಸ ಮಾಡುವುದಿಲ್ಲ. ನೆಲ ಒದ್ದೆಯಿರುವ ತಿಂಗಳುಗಳಲ್ಲಿ ಆರ್‌ಸಿಸಿಬಿ ಇಲ್ಲದೆ ಹೊರಗೆ ವಿದ್ಯುತ್ ಹತ್ಯಾರು ಬಳಸಬೇಡಿ. ಡ್ರಿಲ್ಲಿಗೆ ಎರಡೇ ಪಿನ್ ಇದೆಯೆಂದು ಗಾಬರಿಯಾಗಬೇಕಿಲ್ಲ. ಚೌಕದೊಳಗೊಂದು ಚೌಕದ ಗುರುತಿದ್ದರೆ ಅದಕ್ಕೆ ಎರಡು ಪದರದ ನಿರೋಧಕವಿದೆ, ಅರ್ಥಿಂಗ್ ತಂತಿ ಬೇಕಿಲ್ಲ ಎಂದರ್ಥ.

ಎಕ್ಸ್‌ಟೆನ್ಶನ್ ವೈರು ತೆಳುವಾಗಿದ್ದರೆ, ಮೊದಲೇ ವೋಲ್ಟೇಜ್ ಕಡಿಮೆಯಿರುವ ಲೈನಿನಲ್ಲಿ ಯಂತ್ರದ ಶಕ್ತಿ ಕುಗ್ಗಿ ಮೋಟಾರು ಬಿಸಿಯಾಗುತ್ತದೆ. ಹತ್ತು ಹದಿನೈದು ಮೀಟರಿಗೆ 1.5 ಚದರ ಮಿಲಿಮೀಟರಿನ ತಾಮ್ರದ ವೈರು, ಅದಕ್ಕಿಂತ ದೂರಕ್ಕೆ 2.5ರದ್ದು ಇರಲಿ. ಸುರುಳಿಯಲ್ಲಿರುವ ವೈರನ್ನು ಪೂರ್ತಿ ಬಿಚ್ಚಿಯೇ ಬಳಸಿ, ಸುತ್ತಿಕೊಂಡೇ ಇದ್ದರೆ ಒಳಗೆ ಬಿಸಿಯಾಗಿ ಕರಗುತ್ತದೆ. ಮನೆಯ ಇನ್ವರ್ಟರ್‌ನಲ್ಲಿ ಡ್ರಿಲ್, ಗ್ರೈಂಡರ್ ಓಡಿಸಬೇಡಿ. ಚಾಲೂ ಆಗುವ ಕ್ಷಣದಲ್ಲಿ ಅವು ತಮ್ಮ ವ್ಯಾಟಿಗಿಂತ ಬಹಳ ಹೆಚ್ಚು ಎಳೆಯುತ್ತವೆ.

ಹಂತ 7: ಅಂಗಡಿಯಲ್ಲಿ ಏನು ನೋಡಬೇಕು

ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇಲ್ಲಿ ಹೇಳಿದ ಕೈ ಹತ್ಯಾರುಗಳೆಲ್ಲ ಸಿಗುತ್ತವೆ, ಕೈ ಹತ್ಯಾರನ್ನು ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಬೇಕು. ಪ್ಲೇಯರನ್ನು ಮುಚ್ಚಿ ಬೆಳಕಿಗೆ ಹಿಡಿದರೆ ಬಾಯಿಯ ಕತ್ತರಿಸುವ ಭಾಗದಲ್ಲಿ ಬೆಳಕು ತೂರಬಾರದು. ರಸಮಟ್ಟವನ್ನು ಮೇಜಿನ ಮೇಲಿಟ್ಟು ಗುಳ್ಳೆ ಎಲ್ಲಿದೆಯೆಂದು ನೋಡಿ, ಅದೇ ಜಾಗದಲ್ಲಿ ತಿರುಗಿಸಿ ಇಡಿ: ಗುಳ್ಳೆ ಮತ್ತೆ ಅಲ್ಲಿಯೇ ನಿಲ್ಲದಿದ್ದರೆ ರಸಮಟ್ಟ ಸರಿಯಿಲ್ಲ. ಮೂಲೆಮಟ್ಟವನ್ನು ಹಲಗೆಯ ನೇರ ಅಂಚಿಗೆ ಹಿಡಿದು ಗೆರೆ ಎಳೆದು, ಮಗುಚಿ ಹಿಡಿದು ಮತ್ತೆ ಎಳೆಯಿರಿ, ಎರಡೂ ಗೆರೆಗಳು ಒಂದರ ಮೇಲೊಂದು ಬರಬೇಕು.

ವಿದ್ಯುತ್ ಹತ್ಯಾರಿಗೆ ಕೇಳಬೇಕಾದ ಪ್ರಶ್ನೆ ಬೆಲೆಯದ್ದಲ್ಲ, ಕಾರ್ಬನ್ ಬ್ರಷ್‌ನದ್ದು. ಮೋಟಾರಿಗೆ ಕರೆಂಟ್ ದಾಟಿಸುವ ಈ ಚಿಕ್ಕ ತುಂಡುಗಳು ಸವೆಯಲೆಂದೇ ಇರುವಂಥವು. ಅವು ಈ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತವೆಯೇ, ಹತ್ತಿರದ ಸರ್ವಿಸ್ ಸೆಂಟರ್ ಮೈಸೂರಿನಲ್ಲಿದೆಯೋ ಮಂಗಳೂರಿನಲ್ಲಿದೆಯೋ ಎಂದು ಕೇಳಿ. ಎರಡಕ್ಕೂ ಉತ್ತರ ಸಿಗದ ಯಂತ್ರ ಅರ್ಧ ಬೆಲೆಗೆ ಬಂದರೂ ದುಬಾರಿಯೇ. ಬಿಲ್ಲಿನಲ್ಲಿ ಯಂತ್ರದ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ.

ಹಂತ 8: ಮಳೆಗಾಲದಿಂದ ಕಾಪಾಡುವುದು

ಮೇ ತಿಂಗಳ ಕೊನೆಯಲ್ಲಿ, ಮೊದಲ ಮಳೆ ಹಿಡಿಯುವ ಮೊದಲು, ಒಂದು ಮಧ್ಯಾಹ್ನವನ್ನು ಇದಕ್ಕೆ ಮೀಸಲಿಡಿ. ಪ್ರತಿಯೊಂದು ಹತ್ಯಾರಿನ ಸಿಮೆಂಟ್ ಧೂಳು, ಮರದ ಪುಡಿಯನ್ನು ಒರೆಸಿ ತೆಗೆಯಿರಿ. ಧೂಳು ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಬಿಸಿಲಿನಲ್ಲಿ ಬೆಚ್ಚಗೆ ಮಾಡಿ, ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆಯನ್ನು ಬಟ್ಟೆಯಲ್ಲಿ ತೆಳುವಾಗಿ ಸವರಿ. ಉಳಿಯ ಅಲಗು, ಗರಗಸದ ಎರಡೂ ಮೈ, ಟೇಪಿನ ಕೊಕ್ಕೆ, ಡ್ರಿಲ್ಲಿನ ಚಕ್ಕಿನ ಹಲ್ಲುಗಳು, ಬಿಟ್ಟುಗಳು: ಯಾವುದನ್ನೂ ಬಿಡಬೇಡಿ. ತೆಂಗಿನೆಣ್ಣೆ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಮಡಿಕೇರಿಯಲ್ಲಿ ವರ್ಷದ ಬಹುಪಾಲು ಅದು ಗಟ್ಟಿಯಾಗಿಯೇ ಇರುತ್ತದೆ. ಸ್ಪ್ರೇ ಡಬ್ಬಿಯಲ್ಲಿ ಬರುವ ಡಬ್ಲ್ಯುಡಿ-40 ತೇವ ಓಡಿಸಲು ಒಳ್ಳೆಯದು, ಆದರೆ ಅದರ ಹೆಚ್ಚಿನ ಭಾಗ ಆರಿಹೋಗುವುದರಿಂದ ನಾಲ್ಕು ತಿಂಗಳ ರಕ್ಷಣೆಗೆ ಸಾಲದು, ಮೇಲೆ ಎಣ್ಣೆ ಬೇಕೇ ಬೇಕು.

ಇಡುವ ಜಾಗ ಎಣ್ಣೆಯಷ್ಟೇ ಮುಖ್ಯ. ಒಳಗೆ ಸ್ಪಂಜು ಇರುವ ಪ್ಲಾಸ್ಟಿಕ್ ಪೆಟ್ಟಿಗೆ, ಚರ್ಮದ ಚೀಲ ಎರಡೂ ತೇವವನ್ನು ಹೀರಿ ಹಿಡಿಯುತ್ತವೆ. ಹೊರಗಿನ ಶೆಡ್ಡಿನ ಬದಲು ಮನೆಯೊಳಗೆ, ಹೊರಗೋಡೆಗೆ ತಾಗದ ಬೀರುವಿನಲ್ಲಿ ಅಥವಾ ಬಿಗಿಯಾಗಿ ಮುಚ್ಚುವ ತಗಡಿನ ಟ್ರಂಕಿನಲ್ಲಿ ಇಡಿ, ಜೊತೆಗೆ ಸಿಲಿಕಾ ಜೆಲ್ ಚೀಲಗಳಿರಲಿ. ಸೌದೆ ಒಲೆ ಉರಿಯುವ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಮಳೆಗಾಲದಲ್ಲೂ ಒಣಗಿರುತ್ತದೆ, ಕಬ್ಬಿಣದ ಹತ್ಯಾರನ್ನು ಎಣ್ಣೆ ಸವರಿ ಗೋಣಿಯಲ್ಲಿ ಸುತ್ತಿ ಅಲ್ಲಿಡಬಹುದು. ಬ್ಯಾಟರಿಯನ್ನು ಮಾತ್ರ ಅಲ್ಲಿ ಇಡಬೇಡಿ, ಲಿಥಿಯಂ ಬ್ಯಾಟರಿಗೆ ಶಾಖವೇ ಮುಖ್ಯ ಶತ್ರು. ಅದನ್ನು ಯಂತ್ರದಿಂದ ಬಿಚ್ಚಿ, ಅರ್ಧದಷ್ಟು ಚಾರ್ಜ್ ಉಳಿಸಿ, ಮಲಗುವ ಕೋಣೆಯ ಬೀರುವಿನಲ್ಲಿಡಿ. ವಿದ್ಯುತ್ ಹತ್ಯಾರುಗಳನ್ನು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಎರಡು ನಿಮಿಷ ಖಾಲಿ ಓಡಿಸಿದರೆ ಮೋಟಾರಿನೊಳಗಿನ ತೇವ ಆರುತ್ತದೆ.

ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೊಡವರ ಆಯುಧಗಳ ಹಬ್ಬವಾದ ಕೈಲ್ ಪೊಳ್ದ್‌ಗೆ ಕೋವಿ, ಕತ್ತಿಗಳನ್ನು ಹೊರತೆಗೆದು ಶುಚಿ ಮಾಡುವಾಗ ಈ ಹತ್ಯಾರುಗಳನ್ನೂ ಹೊರಗೆ ತೆಗೆಯಿರಿ. ತುಕ್ಕನ್ನು ಬೇಗ ಕಂಡುಹಿಡಿಯಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಮೇಲ್ಮೈಯ ತುಕ್ಕಾದರೆ ಎಣ್ಣೆ ಹಚ್ಚಿ ನಯವಾದ ಎಮರಿ ಕಾಗದದಿಂದ ಉಜ್ಜಿದರೆ ಹೋಗುತ್ತದೆ. ಆಳವಾಗಿದ್ದರೆ ಹಿಡಿಯನ್ನು ಹೊರಗುಳಿಸಿ ಲೋಹದ ಭಾಗವನ್ನು ಮಾತ್ರ ಸಾಮಾನ್ಯ ಬಿಳಿ ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಸಿ. ಮನೆಯ ಕಾಚಂಪುಳಿಯನ್ನು, ಅಂದರೆ ಕೊಡಗಿನ ಅಡುಗೆಯ ಕಪ್ಪು ಹುಳಿಯನ್ನು, ಇದಕ್ಕೆ ವ್ಯರ್ಥ ಮಾಡಬೇಡಿ, ಅಂಗಡಿಯ ಅಗ್ಗದ ವಿನೆಗರ್ ಸಾಕು. ಬೆಳಿಗ್ಗೆ ಬ್ರಷ್ಷಿನಿಂದ ಉಜ್ಜಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆಯಿರಿ. ಈ ತೊಳೆತವನ್ನು ಬಿಟ್ಟರೆ ಲೋಹದಲ್ಲಿ ಉಳಿದ ಹುಳಿಯಿಂದಲೇ ಮಾರನೆಯ ದಿನ ಮತ್ತೆ ತುಕ್ಕು ಬರುತ್ತದೆ. ಒರೆಸಿ, ಒಲೆಯ ಬಳಿ ಪೂರ್ತಿ ಒಣಗಿಸಿ, ಬಿಸಿಯಾಗಿರುವಾಗಲೇ ಎಣ್ಣೆ ಸವರಿ.

ಉಳಿಗಳನ್ನು ಹೀಗೆ ತುಕ್ಕು ತೆಗೆದ ದಿನವೇ ಮಸೆದುಬಿಡಿ. ಒಂದು ಬದಿ ಒರಟು, ಇನ್ನೊಂದು ಬದಿ ನಯವಿರುವ ಸಾಣೆಕಲ್ಲಿನ ಮೇಲೆ ಎರಡು ಹನಿ ಎಣ್ಣೆ ಹಾಕಿ, ಅಲಗಿನ ಇಳಿಜಾರನ್ನು 25ರಿಂದ 30 ಡಿಗ್ರಿ ಓರೆಯಲ್ಲಿ ಕದಲದಂತೆ ಹಿಡಿದು ಉಜ್ಜಿ. ಹಿಂಬದಿಯಲ್ಲಿ ಬೆರಳಿಗೆ ತೆಳುವಾದ ಅಂಚೊಂದು ತಡೆದಂತೆ ಆದಾಗ ಉಳಿಯನ್ನು ಮಗುಚಿ, ಹಿಂಬದಿಯನ್ನು ಕಲ್ಲಿನ ಮೇಲೆ ಪೂರ್ತಿ ಚಪ್ಪಟೆಯಾಗಿಟ್ಟು ಎರಡು ಬಾರಿ ಎಳೆದರೆ ಅದು ಕಳಚಿಹೋಗುತ್ತದೆ. ಹಲ್ಲಿನ ತುದಿ ಕಪ್ಪಗೆ ಕಾಣುವ ಇಂದಿನ ಕೈ ಗರಗಸಗಳನ್ನು ಮಾತ್ರ ಅರದಿಂದ ಮಸೆಯಲು ಹೋಗಬೇಡಿ. ಆ ಹಲ್ಲುಗಳನ್ನು ಅರಕ್ಕಿಂತ ಗಟ್ಟಿಯಾಗಿ ಹದಗೊಳಿಸಿರುತ್ತಾರೆ, ಮೊಂಡಾದರೆ ಹೊಸದನ್ನೇ ಕೊಳ್ಳಬೇಕು.